ಮಗುಚಿ ಹಾಕಿದ ಎರಡು ಚೌಕ

ಹಾಸ್ಟೆಲ್, ಮೂರನೇ ಮಹಡಿ, ಕೊನೆಯ ಕೋಣೆ
ಫೆಬ್ರವರಿ ೧೯, ಬುಧವಾರ, ಮಧ್ಯಾಹ್ನ ಎರಡೂವರೆ

ನನ್ನ ಅಮ್ಮಾ,

ಹೇಗಿದ್ದೀಯ? ಮೊದಲು ಹೆಬ್ಬೆರಳಿನ ಸುದ್ದಿ ಹೇಳು. ಹೋದ ವಾರ ತಾಮ್ರದ ತಂತಿ ಕೊಯ್ದ ಗಾಯ ಮಾಯಿತೋ, ಇಲ್ಲ ಅದರ ಮೇಲೆ ಪಟ್ಟಿ ಸುತ್ತಿಕೊಂಡು ಮತ್ತೆ ಮೋಟಾರು ಸುತ್ತಲು ಕೂತೆಯೋ? ಎರಡನೆಯದೇ ಎಂದು ಗೊತ್ತು, ಆದರೂ ಕೇಳಬೇಕಲ್ಲ. ಸುತ್ತಿದ್ದನ್ನು ವಾರ್ನಿಷಿನಲ್ಲಿ ಅದ್ದುವಾಗ ಕಿಟಕಿ ತೆರೆದಿಡು. ಊರಿನವರ ಫ್ಯಾನೆಲ್ಲ ರಿಪೇರಿ ಮಾಡುವವಳ ಅಂಗಡಿಯಲ್ಲೇ ಹೊಗೆ ಎಳೆಯುವ ಫ್ಯಾನು ಕೆಟ್ಟು ಕೂತಿದೆ ಎಂದು ಹೊರಗೆ ಗೊತ್ತಾದರೆ ಮರ್ಯಾದೆ ಉಳಿಯುತ್ತದೆಯೇ? ಅಜ್ಜಿಯ ಮಂಡಿನೋವು ಹೇಗಿದೆ? ಕಿವಿಯ ಮಷೀನು ಹಾಕಿಕೊಳ್ಳುತ್ತಾಳಾ, ಅಥವಾ ಈಗಲೂ ಅದನ್ನು ಡಬ್ಬಿಯಲ್ಲಿ ಭದ್ರವಾಗಿಟ್ಟು "ಯಾಕ್ರೇ ಎಲ್ಲಾರೂ ಪಿಸುಗುಡ್ತೀರಿ" ಎಂದು ನಿನ್ನನ್ನು ಬೈಯುತ್ತಾಳಾ? ನಾನು ಚೆನ್ನಾಗಿದ್ದೇನೆ. ಈ ಸಲ ನಿಜವಾಗಿ. ಮೂರು ದಿನ ಸರಿಯಾಗಿ ಊಟ ಮಾಡಲಿಲ್ಲ, ನಿನ್ನೆಯಿಂದ ಎರಡು ಸಲ ಬಡಿಸಿಕೊಳ್ಳುತ್ತಿದ್ದೇನೆ.

ಭಾನುವಾರ ಫೋನಿನಲ್ಲಿ ನಾನು ಅತ್ತೆ, ನನಗೆ ಇದು ಆಗುವುದಿಲ್ಲ ಎಂದೆ. ನೀನು ಒಂದೇ ಉಸಿರಿನಲ್ಲಿ ಮುಗಿಸಿಬಿಟ್ಟೆ. "ಸಾಕು ಬಿಡು ಮೆಣಸೂ, ಬಂದುಬಿಡು. ಇಲ್ಲಿ ಬೆಂಚಿದೆ, ಸ್ಟೂಲಿದೆ, ಬೇಕಾದಷ್ಟು ಕೆಲಸ ಇದೆ. ಬರೋ ಭಾನುವಾರ ಪಕ್ಕದಂಗಡಿಯವರ ವ್ಯಾನು ತಗೊಂಡು ಬರ್ತೀನಿ, ಹಾಸಿಗೆ ಪುಸ್ತಕ ಎಲ್ಲಾ ಕಟ್ಟಿಡು." ನಾನು ಹೂಂ ಎಂದೆ. ಅರ್ಧ ಕಟ್ಟಿಯೂ ಇಟ್ಟೆ. ಆದರೆ ಯಾಕೆ ಅತ್ತೆ ಎಂದು ನೀನು ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳುತ್ತೇನೆ. ಫೋನಿನಲ್ಲಿ ಹೇಳಲು ಹೋದರೆ ನಾನು ಮತ್ತೆ ಅಳುತ್ತೇನೆ, ನೀನು ವೈಂಡಿಂಗ್ ಮಷೀನಿನ ಸದ್ದಿನಲ್ಲಿ ಅರ್ಧ ಕೇಳಿಸಿಕೊಂಡು ಉಳಿದರ್ಧವನ್ನು ನೀನೇ ತುಂಬಿಕೊಳ್ಳುತ್ತೀಯ. ಅದಕ್ಕೇ ಕಾಗದ. ಶುಕ್ರವಾರ ನಿನ್ನ ಕೈ ಸೇರುತ್ತದೆ ಎಂದು ಕೊರಿಯರ್‌ನವರು ಮಾತು ಕೊಟ್ಟಿದ್ದಾರೆ. ಪೂರ್ತಿ ಓದು. ಗಿರಾಕಿ ಬಂದರೆ ಕಾಯಲಿ.

ಐದನೇ ಕ್ಲಾಸಿನಿಂದ ನಾನು ಹಾಸ್ಟೆಲಿನಿಂದ ನಿನಗೆ ಬರೆದ ಕಾಗದಗಳೆಲ್ಲ ತಗಡಿನ ಪೆಟ್ಟಿಗೆಯಲ್ಲಿವೆ ಎಂದು ಗೊತ್ತು. ವಾರ್ನಿಷ್ ವಾಸನೆಗೆ ನನಗೆ ಉಬ್ಬಸ ಬರುತ್ತದೆ ಎಂದು ದೂರ ಕಳಿಸಿದೆ, ಆಮೇಲೆ ಪ್ರತಿ ಶನಿವಾರ ನಾನು 'ಚೆನ್ನಾಗಿದ್ದೇನೆ, ಚೆನ್ನಾಗಿ ಓದುತ್ತಿದ್ದೇನೆ' ಎಂದು ಬರೆದೆ. ವಾರ್ಡನ್ನು ಓದಿದ ಮೇಲೇ ಲಕೋಟೆ ಅಂಟಿಸುತ್ತಿದ್ದರು. ಹಾಗಾಗಿ ಚೆನ್ನಾಗಿಲ್ಲ ಎಂದು ಬರೆಯುವುದನ್ನು ನಾನು ಕಲಿಯಲೇ ಇಲ್ಲ. ಬೇಜಾರು ಮಾಡಿಕೊಳ್ಳಬೇಡ, ದೂರುತ್ತಿಲ್ಲ. ಆ ಅಭ್ಯಾಸದಿಂದಲೇ ಈ ಸಲ ಸಿಕ್ಕಿಹಾಕಿಕೊಂಡೆ ಎಂದು ಹೇಳುತ್ತಿದ್ದೇನೆ, ಅಷ್ಟೆ.

ಮಗಳು ಏನು ಓದುತ್ತಿದ್ದಾಳೆ ಎಂದು ಯಾರಾದರೂ ಕೇಳಿದರೆ ನೀನು "ಕಂಪ್ಯೂಟರು" ಎಂದು ಹೇಳಿ ಪಾರಾಗುತ್ತೀಯಂತೆ, ಅಜ್ಜಿ ಚಾಡಿ ಹೇಳಿದ್ದಾಳೆ. ಇನ್ನು ಮೇಲೆ ಹಾಗೆ ಹೇಳಬೇಡ. ಮೂರು ವರ್ಷದ ಹಿಂದೆ ಬ್ಯಾಟರಿ ಸ್ಕೂಟರಿನ ಮೋಟಾರು ಮೊದಲ ಸಲ ನಮ್ಮ ಅಂಗಡಿಗೆ ಬಂದಿತ್ತಲ್ಲ, ಬಿಚ್ಚಿದರೆ ತಂತಿ ಸುತ್ತಿದ ಕಾಯಿಲುಗಳ ನಡುವೆ ಮೂರು ಕಪ್ಪು ಕಾಳು ಕೂತಿದ್ದವು. "ಯಾವನೋ ಮೂರು ಕಾಳು ಇಟ್ಟು ನಮ್ಮ ಹೊಟ್ಟೆ ಮೇಲೆ ಹೊಡೆದ" ಎಂದು ನೀನು ಎರಡು ದಿನ ಗೊಣಗಿದೆ. ಮೂರನೇ ದಿನ ಬೆಸುಗೆ ಕಡ್ಡಿ ಹಿಡಿದು ಕೆಟ್ಟ ಕಾಳು ಕಿತ್ತು ಹೊಸದು ಕೂರಿಸಿದವಳೂ ನೀನೇ. ಆ ಕಾಳಿನ ಕೆಲಸ ಇಷ್ಟೆ: ಅಯಸ್ಕಾಂತ ಹತ್ತಿರ ಬಂತೋ ದೂರ ಹೋಯಿತೋ, ಅದರ ಯಾವ ಮುಖ ಬಂತು ಎಂದು ಹೇಳುವುದು. ಅಂಥ ಕಾಳಿನ ಹೊಟ್ಟೆಯೊಳಗೆ ಇರುವುದನ್ನೇ ನಾನು ಇಲ್ಲಿ ಡಿಸೈನ್ ಮಾಡುತ್ತಿದ್ದೇನೆ. ನನ್ನದು ಇನ್ನೂ ಚಿಕ್ಕದು, ಒಂದು ಬದಿ ಅರ್ಧ ಮಿಲಿಮೀಟರ್. ಅಯಸ್ಕಾಂತವನ್ನು ಅರಿಯುವ ಭಾಗ, ಅದರ ಸಣ್ಣ ದನಿಯನ್ನು ದೊಡ್ಡದು ಮಾಡುವ ಸರ್ಕಿಟ್, ಎಲ್ಲ ಒಂದೇ ತುಂಡು ಸಿಲಿಕಾನಿನ ಮೇಲೆ. ಆ ತುಂಡಿಗೇ ಚಿಪ್ಪು (ಚಿಪ್) ಎನ್ನುವುದು. ಡಾಕ್ಟರುಗಳು ರಕ್ತನಾಳದೊಳಗೆ ತೂರಿಸುವ ತೆಳು ನಳಿಕೆ ಇದೆಯಲ್ಲ, ಅದರ ತುದಿಯಲ್ಲಿ ಕೂತು 'ನಾನೀಗ ಇಲ್ಲಿದ್ದೇನೆ' ಎಂದು ಹೇಳುವುದಕ್ಕೆ. ಮೊದಲ ವರ್ಷದವಳಿಗೆ ಇಂಥ ಕೆಲಸ ಕೊಡುವುದಿಲ್ಲ. ನಮ್ಮ ಲ್ಯಾಬಿನ ಮೇಡಂ ಕೊಟ್ಟರು.

ಒಂದು ಚೌಕ ತಗಡು ಎಂದುಕೋ. ಎಡದಿಂದ ಬಲಕ್ಕೆ ಕರೆಂಟು ಹರಿಸಿದೆ. ಮೇಲೆ ಅಯಸ್ಕಾಂತ ಬಂದರೆ ಕರೆಂಟು ಒಂದು ಪಕ್ಕಕ್ಕೆ ವಾಲುತ್ತದೆ, ಉಳಿದ ಎರಡು ಬದಿಗಳ ನಡುವೆ ಚೂರೇ ಚೂರು ವೋಲ್ಟೇಜು ಹುಟ್ಟುತ್ತದೆ. ನಿನ್ನ ಮೀಟರ್ ಇಟ್ಟರೆ ಅದು ನಿದ್ದೆಯಿಂದಲೂ ಏಳದು, ಅಷ್ಟು ಚೂರು. ತೊಂದರೆ ಏನೆಂದರೆ ಯಾವ ಚೌಕವೂ ನಾಲ್ಕೂ ಕಡೆ ಸಮನಾಗಿರುವುದಿಲ್ಲ. ಒಂದು ಮೂಲೆ ದಪ್ಪ, ಇನ್ನೊಂದು ಕಡೆ ಬಿಗಿತ. ಹಾಗಾಗಿ ಅಯಸ್ಕಾಂತವೇ ಇಲ್ಲದಾಗಲೂ ಸುಳ್ಳು ವೋಲ್ಟೇಜು ಬರುತ್ತದೆ, ಅದೂ ನಿಜದ್ದಕ್ಕಿಂತ ದೊಡ್ಡದು. ಅದಕ್ಕೊಂದು ಉಪಾಯ ಇದೆ. ಒಂದರ ಬದಲು ನಾಲ್ಕು ಚೌಕ ಅಕ್ಕಪಕ್ಕ ಇಟ್ಟು, ಪ್ರತಿಯೊಂದನ್ನೂ ಹಿಂದಿನದಕ್ಕಿಂತ ಕಾಲು ಸುತ್ತು ತಿರುಗಿಸಿ, ಎಲ್ಲವನ್ನೂ ಒಟ್ಟಿಗೆ ಜೋಡಿಸುವುದು. ಆಗ ಸುಳ್ಳುಗಳು ಒಂದನ್ನೊಂದು ಹೊಡೆದುಹಾಕುತ್ತವೆ, ನಿಜ ಮಾತ್ರ ಉಳಿಯುತ್ತದೆ. ಇದು ಮೊದಲ ಸಲ ತಲೆಗೆ ಹೊಕ್ಕಾಗ ಲೈಬ್ರರಿಯಲ್ಲಿ ಒಬ್ಬಳೇ ಕೂತು ನಕ್ಕೆ. ಎದುರಿಗಿದ್ದವಳು ಜಾಗ ಬದಲಾಯಿಸಿದಳು.

ಕಂಪ್ಯೂಟರಿನಲ್ಲಿ ಒಂದು ಚೌಕ ಬರೆದು, ಉಳಿದ ಮೂರನ್ನು ಕಾಪಿ ಮಾಡಿ ತಿರುಗಿಸಬೇಕಿತ್ತು. ಎರಡನೆಯದನ್ನು ಸರಿಯಾಗಿಯೇ ತಿರುಗಿಸಿದೆ. ಮೂರು ಮತ್ತು ನಾಲ್ಕನ್ನು ಇಡುವಾಗ ತಂತಿಗಳು ಒಂದರ ಮೇಲೊಂದು ಅಡ್ಡ ಬರುತ್ತಿದ್ದವು. ತಿರುಗಿಸುವ ಬದಲು, ಕನ್ನಡಿಯಲ್ಲಿ ಕಾಣುವ ಹಾಗೆ, ಮಗುಚಿ ಹಾಕಿ ನೋಡಿದೆ. ತಂತಿಗಳು ಸೊಗಸಾಗಿ ಕೂತವು. ನಮ್ಮ ಲ್ಯಾಬಿನ ಸೀನಿಯರ್ ಒಬ್ಬ ಇದ್ದಾನೆ, ಎಲ್ಲದಕ್ಕೂ "ಪಕ್ಕಾ?" ಎಂದು ಕೇಳುವುದರಿಂದ ಅವನಿಗೆ ಪಕ್ಕಾ ಅಣ್ಣ ಎಂದೇ ಹೆಸರು. ಅವನೂ ನನ್ನ ಪಕ್ಕ ಕೂತು ನೋಡಿ "ಎಷ್ಟು ನೀಟಾಗಿದೆ ಮಾರಾಯ್ತಿ" ಎಂದ. ಆದರೆ ಮಗುಚಿದರೆ ಸುತ್ತಿನ ದಿಕ್ಕೇ ಉಲ್ಟಾ ಆಗುತ್ತದೆ ಅಮ್ಮಾ. ಮೊದಲ ಎರಡು ಚೌಕ ಹೇಳುವ ನಿಜವನ್ನು ಕೊನೆಯ ಎರಡು ಹೊಡೆದುಹಾಕುತ್ತವೆ. ಅಯಸ್ಕಾಂತವನ್ನು ತಂದು ಮೂಗಿಗೇ ಒತ್ತಿದರೂ ಚಿಪ್ಪು ತೆಪ್ಪಗೆ ಸೊನ್ನೆ ಎನ್ನುತ್ತದೆ. ಇದನ್ನು ಹಿಡಿಯಲು ಕಂಪ್ಯೂಟರಿನಲ್ಲಿ ಪರೀಕ್ಷೆಗಳಿಲ್ಲವೇ ಎಂದರೆ, ಇವೆ. ಆದರೆ ಅದರ ಕಣ್ಣಿಗೆ ಈ ಚೌಕ ಎಂದರೆ ನಾಲ್ಕು ಸಮನಾದ ರೆಸಿಸ್ಟರು. ತಿರುಗಿಸಿದರೂ ಅಷ್ಟೆ, ಮಗುಚಿದರೂ ಅಷ್ಟೆ. ಎಲ್ಲ ಸಾಲುಗಳಲ್ಲೂ ಹಸಿರು ಗುರುತು ಬಂತು. "ಪಕ್ಕಾ?" ಎಂದ. "ಪಕ್ಕಾ" ಎಂದೆ. ಶುಕ್ರವಾರ ಸಂಜೆ ಐದಕ್ಕೆ ಫೈಲು ಕಳಿಸಿದೆ. ನಮ್ಮದೊಂದೇ ಅಲ್ಲ, ಹನ್ನೆರಡು ಕಾಲೇಜುಗಳ ಚಿಪ್ಪುಗಳ ಚಿತ್ರಗಳನ್ನು ಒಂದೇ ಸಿಲಿಕಾನ್ ಬಿಲ್ಲೆಗೆ ಅಕ್ಕಪಕ್ಕ ಜೋಡಿಸಿ, ಅಂದರೆ ಹೊಲಿದು, ಫ್ಯಾಕ್ಟರಿಗೆ ಕಳಿಸುತ್ತಾರೆ. ಆರು ತಿಂಗಳಿಗೊಮ್ಮೆ ಮಾತ್ರ.

ಶನಿವಾರ ಬೆಳಿಗ್ಗೆ ಮೆಸ್ಸಿನಲ್ಲಿ ತಟ್ಟೆ ಮುಂದಿಟ್ಟುಕೊಂಡು, ನೀನು ಕಳಿಸಿದ್ದ ವಾಯ್ಸ್ ಮೆಸೇಜು ಕೇಳುತ್ತಿದ್ದೆ. ಯಾರೋ ಮೊಬೈಲು ನೋಡಿಕೊಂಡು ತಾನೇ ಮೋಟಾರು ಸುತ್ತಿ, ತಿರುಗದೆ ನಿನ್ನ ಹತ್ತಿರ ಹೊತ್ತು ತಂದ ಕಥೆ. "ತಂತಿ ಸರಿ, ಸುತ್ತಿನ ಲೆಕ್ಕ ಸರಿ, ಮೀಟರ್ ಇಟ್ರೆ ಎಲ್ಲಾ ಸರಿ. ಒಂದು ಕಾಯಿಲು ಮಾತ್ರ ಉಲ್ಟಾ ಹಾಕಿದಾನೆ ಪುಣ್ಯಾತ್ಮ! ಗುಂಯ್ ಅಂತ ಕೂಗುತ್ತೆ, ತಿರುಗಲ್ಲ. ಉಲ್ಟಾ ಸೀದಾ ಮೀಟರ್‌ಗೇನು ಗೊತ್ತು, ಕಣ್ಣಲ್ಲಿ ನೋಡ್ಬೇಕು." ನೀನು ನಗುತ್ತಿದ್ದೆ. ನಾನು ಚಮಚ ಕೆಳಗಿಟ್ಟೆ. ಮೀಟರಿಗೆ ಎಲ್ಲ ಸರಿ ಎಂಬ ಮಾತು ಕಿವಿಯಲ್ಲೇ ನಿಂತುಬಿಟ್ಟಿತು. ತಟ್ಟೆ ಹಾಗೇ ಬಿಟ್ಟು ಲ್ಯಾಬಿಗೆ ಓಡಿದೆ, ಚಿತ್ರವನ್ನು ಕಾಗದದ ಮೇಲೆ ಪ್ರಿಂಟು ತೆಗೆದೆ, ಪ್ರತಿ ಚೌಕದ ಮೇಲೂ ನೀನು ಮಾಡುವ ಹಾಗೆ ಬೆರಳಿಟ್ಟು ಕರೆಂಟು ಹೋಗುವ ದಾರಿಯಲ್ಲಿ ಎಳೆದೆ. ಒಂದು, ಸರಿ. ಎರಡು, ಸರಿ. ಮೂರನೆಯದರ ಮೇಲೆ ಬೆರಳು ಎಡಕ್ಕೆ ಹೋಯಿತು. ಬಲಕ್ಕೆ ಹೋಗಬೇಕಿತ್ತು. ನಾಲ್ಕು ಸಲ ಎಳೆದೆ, ಬೆರಳಿನದೇ ತಪ್ಪೇನೋ ಎಂದು.

ಆಮೇಲಿನ ಎರಡು ದಿನದ ಬಗ್ಗೆ ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತೇನೆ. ಚಿಪ್ಪು ತಯಾರಾಗಿ ಬರಲು ಐದು ತಿಂಗಳು ಬೇಕು. ಅಷ್ಟರಲ್ಲಿ ಮಾರ್ಕ್ಸು ಬಂದಿರುತ್ತದೆ. ಅದು ಕೆಲಸ ಮಾಡದಿದ್ದರೆ "ಮೊದಲನೇ ಚಿಪ್ಪು ಯಾರದ್ದು ಕೆಲಸ ಮಾಡುತ್ತೆ ಬಿಡು" ಎಂದು ಎಲ್ಲರೂ ಸಮಾಧಾನ ಹೇಳುತ್ತಾರೆ. ಹೀಗೆಲ್ಲ ಲೆಕ್ಕ ಹಾಕುತ್ತ ಮಲಗಿದ್ದೆ. ಸುಮ್ಮನಿರುವುದು ಒಂದು ದಾರಿ, ಓಡಿಹೋಗುವುದು ಇನ್ನೊಂದು. ಸುಮ್ಮನಿರಲು ಹೆದರಿಕೆಯಾಗಿ ಓಡಿಹೋಗುವುದನ್ನು ಆರಿಸಿ ಭಾನುವಾರ ನಿನಗೆ ಫೋನು ಮಾಡಿದೆ. ನೀನು ಬಾ ಎಂದೆ. ಎಷ್ಟು ಹಗುರಾಯಿತು ಎಂದರೆ ಆಗಲೇ ಹಾಸಿಗೆ ಸುತ್ತಿ ಹಗ್ಗ ಬಿಗಿದುಬಿಟ್ಟೆ.

ಸೋಮವಾರ ಬೆಳಿಗ್ಗೆ ಪುಸ್ತಕ ಕಟ್ಟುವಾಗ, ನಿನ್ನ ಎದುರಿನ ಸ್ಟೂಲಿನ ಮೇಲೆ ಕೂತರೆ ಹೇಗಿರುತ್ತದೆ ಎಂದು ಯೋಚಿಸುತ್ತಿದ್ದೆ. ಹಿಟ್ಟಿನ ಗಿರಣಿಯವರ ಮೋಟಾರು ನೆನಪಾಯಿತು. ನೀನು ಅದನ್ನು ಕೊಟ್ಟು ಕಳಿಸಿ, ಊಟಕ್ಕೆ ಕೂತವಳು ಕೈತೊಳೆದು ಎದ್ದೆ. ಒಂದು ಜಾಯಿಂಟು ಸರಿಯಾಗಿ ಬೆಸೆದೆನೋ ಇಲ್ಲವೋ ಎಂದು ಅನುಮಾನ. ಅವರೇನೂ ದೂರು ಹೇಳಿರಲಿಲ್ಲ, ಮೋಟಾರು ಚೆನ್ನಾಗಿಯೇ ಓಡುತ್ತಿತ್ತು. ನೀನು ಹೋಗಿ ನಿಲ್ಲಿಸಿ, ಬಿಚ್ಚಿಸಿ, ಎತ್ತಿಕೊಂಡು ಬಂದೆ. ಅಜ್ಜಿ "ಇವಳಿಗೆ ಮಾಡೋಕೆ ಬೇರೆ ಕೆಲಸ ಇಲ್ಲ" ಎಂದು ಇಡೀ ಬೀದಿಗೆ ಕೇಳುವ ಹಾಗೆ ಬೈದಳು. ಅಂಥವಳ ಎದುರಿಗೆ, ಉಲ್ಟಾ ಎಂದು ಗೊತ್ತಿದ್ದೂ ಬಿಟ್ಟು ಬಂದವಳು ಕೂತು ತಂತಿ ಸುತ್ತುವುದು ಹೇಗೆ? ಕಟ್ಟುತ್ತಿದ್ದ ಪುಸ್ತಕ ಅಲ್ಲೇ ಬಿಟ್ಟು ಮೇಡಂ ಹತ್ತಿರ ಹೋದೆ. ಆಗ ಹನ್ನೊಂದು ಗಂಟೆ.

ಮೇಡಂ ಚಿಕ್ಕ ಆಳು, ಯಾವಾಗಲೂ ನಿಂತೇ ಇರುತ್ತಾರೆ, ಕುರ್ಚಿ ಕಂಡರೆ ಆಗದು. ಅಳತೆ ಕೋಣೆಯ ಬಾಗಿಲಲ್ಲಿ ನಿಂತು ಪ್ರಿಂಟು ನೋಡಿದರು, ಮೂರನೇ ಚೌಕದ ಮೇಲೆ ತಾವೂ ಬೆರಳೆಳೆದರು. "ಎಷ್ಟು ಹೊತ್ತಿಂದ ಗೊತ್ತು ನಿನಗೆ?" ಶನಿವಾರದಿಂದ ಎಂದೆ. "ಇವತ್ತು ಒಂಬತ್ತಕ್ಕೆ ಹನ್ನೆರಡೂ ಫೈಲು ಹೊಲಿದಾಯ್ತು. ಎಂಟಕ್ಕೆ ಬಂದಿದ್ರೆ ಒಂದು ಫೋನು ಸಾಕಿತ್ತು. ಈಗ ಹನ್ನೊಂದು ಕಡೆ ಕಾಲು ಹಿಡೀಬೇಕು. ನಾನಲ್ಲ, ನೀನು." ಮತ್ತೆ ಬಿಚ್ಚಬೇಕಾದರೆ ಉಳಿದ ಹನ್ನೊಂದು ತಂಡದವರೂ ಒಪ್ಪಬೇಕು, ಯಾಕೆಂದರೆ ಬಿಚ್ಚಿ ಹೊಲಿದ ಮೇಲೆ ಎಲ್ಲರೂ ತಮ್ಮ ತಮ್ಮದನ್ನು ಮೊದಲಿನಿಂದ ಪರೀಕ್ಷಿಸಬೇಕು. ನನ್ನ ಮುಖ ನೋಡಿ "ಅಳೋದಾದ್ರೆ ಈಗಲೇ ಇಲ್ಲೇ ಅತ್ತು ಮುಗಿಸು, ಫೋನಲ್ಲಿ ಬೇಡ" ಎಂದರು. ಆಶ್ಚರ್ಯ ಎಂದರೆ ಅಳು ಬರಲಿಲ್ಲ.

ಹೇಳಬೇಕಾದ್ದನ್ನು ಒಂದು ಚೀಟಿಯಲ್ಲಿ ಬರೆದುಕೊಂಡೆ. ಮೊದಲ ಎರಡು ಫೋನಿನಲ್ಲಿ ಅದನ್ನೇ ಓದಿದೆ, ಇಂಗ್ಲಿಷಿನಲ್ಲಿ, ಒಪ್ಪಿಸುವವಳ ಹಾಗೆ. ಮೂರನೆಯವರು "ಓದ್ತಾ ಇದ್ದೀಯೇನಮ್ಮಾ? ಏನಾಯ್ತು ಹೇಳು" ಎಂದರು. ಚೀಟಿ ಹರಿದುಹಾಕಿದೆ. ಆಮೇಲೆ ಸುಲಭವಾಯಿತು: ಎರಡು ಚೌಕ ಮಗುಚಿ ಹಾಕಿದ್ದೇನೆ, ತಪ್ಪು ನನ್ನದು, ನಾಲ್ಕು ಗಂಟೆ ಬೇಕು. ಒಬ್ಬರು ನಕ್ಕರು. ಒಬ್ಬರು ಬೈದು ಒಪ್ಪಿದರು. ಒಬ್ಬಳು ದನಿ ತಗ್ಗಿಸಿ "ನಮ್ಮದರಲ್ಲೂ ಒಂದು ಸಣ್ಣದು ಉಳಿದಿದೆ, ಬಾಯಿ ಬಿಡೋಕೆ ಧೈರ್ಯ ಇರಲಿಲ್ಲ, ನಿನ್ನ ಹೊಟ್ಟೆ ತಣ್ಣಗಿರಲಿ" ಎಂದಳು. ಹತ್ತು ಜನ ಒಪ್ಪಿದರು. ಹನ್ನೊಂದನೆಯವರು ಮಾತ್ರ "ನಿಮ್ಮ ತಪ್ಪಿಗೆ ನಮ್ಮವರು ಯಾಕೆ ಇನ್ನೊಂದು ದಿನ ಕಣ್ಣು ಹಾಳು ಮಾಡ್ಕೋಬೇಕು?" ಎಂದರು. ಅವರು ಹೇಳಿದ್ದು ನ್ಯಾಯವೇ. "ನಿಮ್ಮ ಪರೀಕ್ಷೆ ಪಟ್ಟಿ ನಾನು ಬಂದು ಮಾಡಿಕೊಡ್ತೀನಿ ಸರ್" ಎಂದು ಬಾಯಿಂದ ಬಂದುಬಿಟ್ಟಿತು. ಅವರು ಬಾ ಎಂದರು.

ನಿನ್ನೆ ಎರಡು ಗಂಟೆ ಹೊತ್ತು ಬಸ್ಸಿನಲ್ಲಿ ನಿಂತು ಅಲ್ಲಿಗೆ ಹೋದೆ. ಪಟ್ಟಿಯಲ್ಲಿ ಮುನ್ನೂರ ಹನ್ನೆರಡು ಸಾಲು. ಬೆಳಿಗ್ಗೆ ಹತ್ತರಿಂದ ಸಂಜೆ ಆರರ ತನಕ ಅವರ ಚಿತ್ರವನ್ನೂ ಪಟ್ಟಿಯನ್ನೂ ಒಂದೊಂದೇ ಸಾಲು ತಾಳೆ ನೋಡಿದೆ, ಬಿಚ್ಚಿ ಹೊಲಿಯುವ ದಿನ ಅವರು ಬರೀ ನಾನು ಗುರುತು ಹಾಕಿದ ಜಾಗಗಳನ್ನು ನೋಡಿದರೆ ಸಾಕಾಗುವ ಹಾಗೆ. ಮೊದಲು ಯಾರೂ ಮಾತಾಡಿಸಲಿಲ್ಲ. ನೂರನೇ ಸಾಲಿನ ಹೊತ್ತಿಗೆ ಒಬ್ಬರು ಚಹಾ ತಂದಿಟ್ಟರು. ಇನ್ನೂರರ ಹೊತ್ತಿಗೆ ಅಲ್ಲಿನ ಸರ್ ಪಕ್ಕದಲ್ಲಿ ಕುರ್ಚಿ ಎಳೆದುಕೊಂಡು ತಾವೂ ನೋಡತೊಡಗಿದರು. ಸಹಿ ಹಾಕಿ ಕೊಡುವಾಗ "ಮುಂದಿನ ಸಲ ತಪ್ಪು ಮಾಡಿದ್ರೆ ನೇರ ಇಲ್ಲಿಗೇ ಬಾ, ಪಟ್ಟಿ ತಯಾರಿರುತ್ತೆ" ಎಂದರು. ತಮಾಷೆಗೋ ಗದರಿಸಿದ್ದೋ ತಿಳಿಯದೆ ಎರಡಕ್ಕೂ ಸೇರಿಸಿ ಥ್ಯಾಂಕ್ಸ್ ಹೇಳಿ ಬಂದೆ. ಈ ಬೆಳಿಗ್ಗೆ ಒಪ್ಪಿಗೆ ಬಂತು. ಬರುವ ಮಂಗಳವಾರ ಹತ್ತರಿಂದ ಎರಡರ ತನಕ ಬಿಚ್ಚಿಟ್ಟಿರುತ್ತಾರೆ, ಅಷ್ಟರಲ್ಲಿ ನನ್ನದು ಸರಿಹೋಗಿರಬೇಕು. ಇನ್ನೊಂದು ಅವಕಾಶ ಇಲ್ಲ. ಹೊಸ ಚಿತ್ರ ಆಗಲೇ ಬರೆದಿದ್ದೇನೆ. ತಂತಿಗಳು ಅಡ್ಡಾದಿಡ್ಡಿ ಓಡಾಡಿ ನೋಡಲು ಕುರೂಪವಾಗಿದೆ. ಇರಲಿ. ಕಳಿಸುವ ಮೊದಲು ಬೇರೆ ಯಾರಾದರೂ ಕಣ್ಣಾರೆ ನೋಡಿ ಫಾರ್ಮಿಗೆ ಸಹಿ ಹಾಕಬೇಕಂತೆ, ಪಕ್ಕಾ ಅಣ್ಣ ಒಪ್ಪಿದ್ದಾನೆ.

ಆದ್ದರಿಂದ ಭಾನುವಾರ ವ್ಯಾನು ತಗೊಂಡು ಬರಬೇಡ ಅಮ್ಮಾ. ನೀನು ಬಾ ಎಂದದ್ದು ನನಗೆ ಎಷ್ಟು ದೊಡ್ಡದಾಗಿತ್ತು ಎಂದು ಹೇಳಲು ಬರುವುದಿಲ್ಲ, ಹಾಸ್ಟೆಲಿನ ಅಷ್ಟು ವರ್ಷ ಕಾದದ್ದು ಆ ಒಂದು ಮಾತಿಗೇ. ಆದರೆ ಈಗ ಬರುವುದಿಲ್ಲ. ಇಲ್ಲೇ ಇರುತ್ತೇನೆ. ಹೆದರಿಕೆ ಹೋಗಿಲ್ಲ. ಆದರೂ ಹಾಸಿಗೆಯ ಹಗ್ಗ ಬಿಚ್ಚಿದ್ದೇನೆ, ಪುಸ್ತಕಗಳು ಕಪಾಟಿಗೆ ಹೋಗಿವೆ.

ಅಜ್ಜಿಗೆ ಈ ಕಾಗದವನ್ನು ಗಟ್ಟಿಯಾಗಿ ಓದಿ ಹೇಳು, ಗಿರಣಿ ಮೋಟಾರಿನ ಜಾಗ ಮಾತ್ರ ಹಾರಿಸು. ಅವಳ ಕಾಲಿಗೆ ಬಿದ್ದೆ ಎಂದು ಹೇಳು, ಮಂಡಿಗೆ ತಾಗದ ಹಾಗೆ. ನಿನ್ನ ಹೆಬ್ಬೆರಳಿಗೆ ಒಂದು ಮುತ್ತು.

ಇಲ್ಲೇ ಉಳಿಯುವ ನಿನ್ನ
ಮೆಣಸು

ತಾ.ಕ.: ಕೊರಿಯರ್‌ನವರು ಕೆಳಗೆ ಕಾಯುತ್ತಿದ್ದಾರೆ, ಗೀಚುತ್ತಿದ್ದೇನೆ. ಬರಬೇಡ ಎಂದು ಮೇಲೆ ಬರೆದದ್ದನ್ನು ಹೊಡೆದುಹಾಕು. ಬಾ. ಈಗಷ್ಟೇ ಲ್ಯಾಬಿಗೆ ಹೋಗಿ ಬಂದೆ, ಮೇಡಂ ಪಕ್ಕಾ ಅಣ್ಣನ ಸಹಿ ಬೇಡ ಎಂದರು, ಮೊದಲ ಸಲ ನನ್ನ ಪಕ್ಕ ಕೂತು ನೀಟಾಗಿದೆ ಎಂದವನು ಅವನೇ, ಆ ಕಣ್ಣಿಗೆ ಮತ್ತೆ ಅದೇ ಕಾಣುತ್ತದೆ ಎಂದು. "ದಿಕ್ಕು ತಪ್ಪಿದ್ದನ್ನ ಬರೀ ಕಣ್ಣಲ್ಲಿ ಹಿಡಿಯೋರು ಯಾರಾದ್ರೂ ಗೊತ್ತಾ ನಿನಗೆ?" ಎಂದರು. ನಮ್ಮಮ್ಮ ಎಂದೆ. "ಏನು ಕೆಲಸ ಮಾಡ್ತಾರೆ?" ಮೋಟಾರು ಸುತ್ತುತ್ತಾರೆ, ಇಪ್ಪತ್ತಾರು ವರ್ಷದಿಂದ. ಮೇಡಂ "ಕರೆಸು" ಎಂದು ಫಾರ್ಮಿನಲ್ಲಿ ನಿನ್ನ ಹೆಸರು ಬರೆದುಕೊಂಡರು, ಪೆನ್ನಿನಲ್ಲಿ. ಭಾನುವಾರ ಬಂದು ನನ್ನ ಜೊತೆ ಉಳಿದುಕೋ, ಸೋಮವಾರ ಬೆಳಿಗ್ಗೆ ಹತ್ತಕ್ಕೆ ಕೆಲಸ. ಚಿತ್ರವನ್ನು ಮೇಜಿನಷ್ಟು ದೊಡ್ಡದಾಗಿ ಪ್ರಿಂಟು ಮಾಡಿಡುತ್ತಾರೆ, ಬೆರಳಿಟ್ಟು ನೋಡುವ ಹಾಗೆ. ನಾನು ಕೋಣೆಯಲ್ಲಿ ಇರಬಾರದಂತೆ, ಹೊರಗೆ ಬೆಂಚಿನ ಮೇಲೆ ಕೂತಿರುತ್ತೇನೆ. ತಪ್ಪು ಸಿಕ್ಕರೆ ಮಗಳದ್ದೆಂದು ಬಿಡಬೇಡ.